ಬಾಗಿಲಿಗೆ ಬಾರದ ತಾಯಿ

"ಈ ತಾಯಿಗೆ ಕರುಳೇ ಇಲ್ಲ ಕಣಮ್ಮ!"

ಸೆಮಿನಾರಿನ ಹಿಂದಿನ ಸಂಜೆ ನನ್ನ ಮಗಳು ಕೊಟ್ಟ ತೀರ್ಪು ಇದು. ಬೈದದ್ದು ನನಗಲ್ಲ (ಸದ್ಯ!). ಅವಳು ಹಾಸನದಲ್ಲಿ ಕನ್ನಡ ಎಂ.ಎ. ಓದುತ್ತಾಳೆ. ಹೊಳೆನರಸೀಪುರದಿಂದ ದಿನಾ ಬಸ್ಸು. ಸೆಮಿನಾರಿಗೆ ಅವಳ ಪಾಲಿಗೆ ಬಂದದ್ದು ಒಂದು ಹಳೆಯ ಕಥೆ. ಬಾಣಂತನ ಮುಗಿಸಿದ ಮಗಳು ಗಂಡನ ಮನೆಗೆ ಹೊರಡುತ್ತಾಳೆ. ಬೀದಿಯವರೆಲ್ಲ ಕಳಿಸಲು ಬರುತ್ತಾರೆ. ವಿಧವೆ ತಾಯಿ ಮಾತ್ರ ಅಡುಗೆಮನೆಯಿಂದ ಈಚೆಗೇ ಬರುವುದಿಲ್ಲ. ಯಾಕೆ? ಕಥೆಯಲ್ಲಿ ಹೇಳಿಲ್ಲ.

ನಮ್ಮವಳು ಕಂಡುಹಿಡಿದಿದ್ದಳು. ಮನೋವಿಶ್ಲೇಷಣೆ, ಸ್ತ್ರೀವಾದ, ಇನ್ನೂ ಏನೇನೋ ಥಿಯರಿ ಸೇರಿಸಿ, ತಾಯಿಗೆ ಮಗಳ ಸುಖ ಕಂಡು ಹೊಟ್ಟೆಕಿಚ್ಚು ಅಂತ ಸಾಧಿಸಿದ್ದಳು.

ನನಗೆ ತಡೆಯಲಾಗಲಿಲ್ಲ. "ಹೊಟ್ಟೆಕಿಚ್ಚೂ ಇಲ್ಲ, ಸುಡುಗಾಡೂ ಇಲ್ಲ ಕಣೇ. ಗಂಡ ಸತ್ತೋಳು ಹೊರಡೋರಿಗೆ ಎದುರು ಬರಬಾರ್ದು ಅಂತಾರಲ್ಲ? ಮಗಳಿಗೆ ಒಳ್ಳೇದಾಗ್ಲಿ ಅಂತ ಒಳಗೇ ಉಳ್ಕೊಂಡವ್ಳೆ, ಪಾಪ."

ಮಗಳು ನನ್ನನ್ನೇ ನೋಡುತ್ತ ಕೂತಳು. ಯಾಕೆಂದು ನನಗೆ ತಡವಾಗಿ ಹೊಳೆಯಿತು.

"ಅಂಗಾದ್ರೆ ನೀನು? ಅಪ್ಪ ಹೋದ್ಮೇಲೆ ನಾನು ಹೊರಟಾಗೆಲ್ಲ ಒಲೆ ಮೇಲೆ ಹಾಲೈತೆ ಅಂತ ನೀನು ಒಳಗೇ ಇರ್ತಿದ್ದೆ. ನಿಂಗೆ ನನ್ ಮೇಲೆ ಬೇಜಾರು ಅಂದ್ಕೊಂಡಿದ್ದೆ ಕಣಮ್ಮ."

ಹೌದು, ಬ್ಯಾಂಕಿನಲ್ಲಿ ದುಡಿಯುವ, ವಾರವಾರ ಈ ಅಂಕಣದಲ್ಲಿ ನಿಮಗೆ ವಿಚಾರವಂತಿಕೆ ಬೋಧಿಸುವ ನಾನೇ. ನಂಬಿಕೆ ಇದೆಯಾ? ಇಲ್ಲ. ಭಯ ಇದೆ. ಇರುವವಳು ಒಬ್ಬಳೇ ಮಗಳು. ಅವಳ ಮೇಲೆ ಪ್ರಯೋಗ ಮಾಡಲು ಯಾವ ತಾಯಿಗೆ ಧೈರ್ಯ ಬರುತ್ತದೆ?

ಅವಳು ಬರೆದದ್ದನ್ನೆಲ್ಲ ಹೊಡೆದುಹಾಕಿದಳು. "ನಮ್ ಜನದ ರೂಢಿ ತಿಳೀದೆ ಥಿಯರಿ ಹಚ್ಚಿದ್ದು ತಪ್ಪೇ. ಆದ್ರೆ ಅವಳನ್ನ ಒಳಗೆ ಕೂರಿಸಿದ್ದು ಯಾರಮ್ಮ? ಅದನ್ನ ಕೇಳೋಕೆ ಥಿಯರಿ ಬೇಕು" ಅಂದಳು.

ಬೆಳಿಗ್ಗೆ ಚಪ್ಪಲಿ ಮೆಟ್ಟಿದವಳು ಗೇಟಿನಲ್ಲೇ ನಿಂತುಬಿಟ್ಟಳು. "ನೀನು ಎದುರು ಬರೋಗಂಟ ನಾನು ಹೊರಡಲ್ಲ."

ಬೈದೆ. ಬೇಡಿಕೊಂಡೆ. ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಅವಳ ಎದುರಿಗೆ ನಿಂತೆ. "ಹೋಗಿ ಬತ್ತೀನಿ ಕಣಮ್ಮ" ಅಂದವಳ ಕಣ್ಣೂ ತುಂಬಿತ್ತು.

ಸ್ವಲ್ಪ ಹೊತ್ತಿಗೆ ಅವಳ ಫೋನು. ಬಸ್ಸು ತಪ್ಪಿತ್ತು!

"ನಾನು ಬಡ್ಕೊಂಡೆ, ಕೇಳಿದ್ಯಾ?" ಅಂದೆ. ಅಳುವುದೊಂದು ಬಾಕಿ.

ಆ ಕಡೆಯಿಂದ ನಗು. "ಇನ್ನೊಂದು ಬಸ್ಸು ಬತ್ತೈತೆ, ಸುಮ್ನಿರಮ್ಮ. ಇಷ್ಟು ವರ್ಷ ನೀನು ಒಳಗೇ ಇದ್ಯಲ್ಲ, ಆಗ ನಂಗೆ ಬಸ್ ತಪ್ಪೇ ಇಲ್ವಾ?"