ಕೊಳದ ಮೀನಿಗೆ ಬೋಂಡ

ಸಕ್ಕರೆ ಕಾಯಿಲೆ ಬಂದ ಮನುಷ್ಯನಷ್ಟು ದಾನಶೂರ ಇನ್ನೊಬ್ಬನಿಲ್ಲ. ತಾನು ತಿನ್ನಬಾರದ್ದನ್ನೆಲ್ಲ ಪರರಿಗೆ ತಿನ್ನಿಸುವುದರಲ್ಲಿ ಅವನಿಗೊಂದು ಅಲೌಕಿಕ ಆನಂದ. ನಾನೂ ಅದೇ ಪಂಗಡದವನಾದ್ದರಿಂದ ಅಧಿಕಾರವಾಣಿಯಿಂದಲೇ ಹೇಳುತ್ತಿದ್ದೇನೆ.

ಮದರಾಸು ಚೆನ್ನೈ ಆದ ಹೊಸತರಲ್ಲಿ ನಮ್ಮ ಬಡಾವಣೆಯ ಪಾರ್ಕಿಗೆ ಸಿಮೆಂಟಿನ ಕೊಳವೊಂದು ಬಂತು. ಕೊಳಕ್ಕೆ ಮೀನು ಬಂದವು. ಡಾಕ್ಟರ ಆಜ್ಞೆಯಂತೆ ಬೆಳಬೆಳಗ್ಗೆ ನಡೆದು ಬೆವರು ಸುರಿಸಿದ ನಾವೆಲ್ಲ ಕಟ್ಟೆಯ ಮೇಲೆ ಕೂತು ಬನ್ನು, ಕಡಲೆಪುರಿ, ಮುರುಕ್ಕು ಎಸೆಯತೊಡಗಿದೆವು. ಈ ಸೇವೆಯಲ್ಲಿ ಅಗ್ರಗಣ್ಯರು ಹೋಟೆಲಿನ ವಾಸುದೇವ ಭಟ್ಟರು. ಉಡುಪಿ ಕಡೆಯ ಅವರ ಊರ ಹೊಳೆಯಲ್ಲಿ ದೇವರ ಮೀನುಗಳಿವೆ. ಅವಕ್ಕೆ ಅಕ್ಕಿ ಹಾಕಿದರೆ ಹರಕೆ ಸಂದಂತೆ. ಹೊಳೆ ಹರಿಯುತ್ತದೆ, ಸಿಮೆಂಟಿನ ತೊಟ್ಟಿ ಹರಿಯುವುದಿಲ್ಲ ಎಂಬ ಕ್ಷುಲ್ಲಕ ವ್ಯತ್ಯಾಸ ಅವರ ಭಕ್ತಿಗೆ ಅಡ್ಡಬರಲಿಲ್ಲ. ಹಿಂದಿನ ದಿನ ಮಿಕ್ಕ ಬೋಂಡ ತಂದು ಮುರಿಮುರಿದು ಹಾಕುತ್ತಿದ್ದರು. ದೊಡ್ಡ ಕರಿಯ ಮೀನೊಂದು ಅವರ ಚಪ್ಪಾಳೆಗೆ ಓಡಿ ಬರುತ್ತಿತ್ತು. ಮಕ್ಕಳಿಲ್ಲದ ಭಟ್ಟರು ಅದನ್ನು, ತಮ್ಮ ಊರ ಕಡೆ ಹುಡುಗನಿಗೆ ಹೇಳುವಂತೆ, ‘ಮಾಣಿ’ ಎಂದು ಕರೆಯುತ್ತಿದ್ದರು.

ನಮ್ಮ ನಡಿಗೆದಾರರ ಸಂಘಕ್ಕೆ ಪರಿಸರ ಪ್ರಜ್ಞೆ ಇರಲಿಲ್ಲವೆಂದು ಯಾರೂ ಹೇಳಕೂಡದು. ಪ್ಲಾಸ್ಟಿಕ್ ಎಸೆಯಬಾರದೆಂಬ ಫಲಕವನ್ನು ಕೊಳದ ಬಳಿ ನೆಟ್ಟವರೇ ನಾವು. ಅದನ್ನು ಶಿರಸಾ ಪಾಲಿಸಿದೆವು ಕೂಡ: ಕವರು ಬುಟ್ಟಿಗೆ, ಬೋಂಡ ನೀರಿಗೆ.

ನೀರು ಹಸಿರಾಯಿತು, ಆಮೇಲೆ ನಾರಿತು. ಮೀನುಗಳು ಬೆಳಗಾಗುತ್ತಲೇ ಮೇಲೆ ಬಂದು ಬಾಯಿ ತೆರೆದುಕೊಂಡು ನಿಲ್ಲತೊಡಗಿದವು. “ನೋಡಿ ಮಾರಾಯ್ರೆ, ಎಷ್ಟು ಹಸಿವೆ, ಪಾಪ!” ಎಂದು ಭಟ್ಟರು ಒಂದರ ಬದಲು ಎರಡು ಪೊಟ್ಟಣ ತಂದರು.

ಒಂದು ಭಾನುವಾರ ಮೊಮ್ಮಗಳು ಶ್ರುತಿ ನನ್ನ ಜೊತೆ ಬಂದಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವ ಪೀಳಿಗೆಯವಳು. “ಪಸಿ ಇಲ್ಲ ತಾತ್ತಾ, ಅದುಕ್ಕು ಮೂಚ್ಚು ಮುಟ್ಟುದು,” ಎಂದಳು. ಹಸಿವಲ್ಲ, ಉಸಿರು ಕಟ್ಟುತ್ತಿದೆ. ಕೊಳೆತ ತಿಂಡಿ ನೀರಿನೊಳಗಿನ ಗಾಳಿಯನ್ನೆಲ್ಲ ನುಂಗಿಬಿಡುತ್ತದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ.

ಇದನ್ನು ಸಂಘದ ಕಾರ್ಯದರ್ಶಿಗಳಿಗೆ ಒಪ್ಪಿಸಿದೆ. ಅವರು ನಿವೃತ್ತ ಎಂಜಿನಿಯರು. “ಎನ್ನ ಸಾರ್, ಚಿನ್ನ ಪೊಣ್ಣು ಸೊಲ್ರದ ಕೇಟ್ಟು ಪಟ್ಟಿನಿ ಪೋಡಲಾಮಾ?” ಎಂದು ನಕ್ಕರು. ಚಿಕ್ಕ ಹುಡುಗಿಯ ಮಾತು ಕಟ್ಟಿಕೊಂಡು ಮೂಕಪ್ರಾಣಿಗಳನ್ನು ಉಪವಾಸ ಕೆಡವುವುದೇ! ಭಟ್ಟರಂತೂ ನೊಂದುಕೊಂಡರು. “ನಾನು ಹಾಕಿದ್ರಿಂದ ಮಾಣಿಗೆ ಕೇಡಾಗ್ತದಾ? ಎಂತ ಮಾತಾಡ್ತೀರಿ ನೀವು?”

ಪೊಂಗಲ್ ಬಂತು. ಊರಿಗೆ ಹೊರಟ ಸದಸ್ಯರು ಮೀನುಗಳಿಗೆ ತೊಂದರೆಯಾಗದಿರಲೆಂದು ರಜೆಯ ಪಾಲನ್ನೂ ಮುಂಗಡವಾಗಿಯೇ ಸುರಿದು ಹೋದರು. ತಿರುಗಿ ಬಂದಾಗ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಾಣಿಯೂ ತೇಲುತ್ತಿದ್ದ. ಭಟ್ಟರು ಒಮ್ಮೆ ಚಪ್ಪಾಳೆ ತಟ್ಟಿ ನೋಡಿದರು.

ಸಂಘ ತುರ್ತುಸಭೆ ಸೇರಿ, ಎರಡು ನಿಮಿಷ ಮೌನ ಆಚರಿಸಿ, ಸರ್ವಾನುಮತದಿಂದ ತೀರ್ಮಾನಿಸಿತು: ನಾವಿಲ್ಲದೆ ಮೀನುಗಳು ಹಸಿವಿನಿಂದ ಸತ್ತಿವೆ. ನೀರು ಬದಲಾಯಿಸಿ ಹೊಸ ಮೀನು ಬಿಡತಕ್ಕದ್ದು. ಇನ್ನು ಒಂದು ಹೊತ್ತೂ ತಪ್ಪದಂತೆ ತಿನ್ನಿಸಲು ಸರದಿ ಗೊತ್ತುಮಾಡತಕ್ಕದ್ದು. ಭಟ್ಟರು ಮಾತ್ರ ಸಭೆಗೆ ಬರಲಿಲ್ಲ.

ಹೊಸ ಮೀನು ಬಂದು ಕೆಲವು ವಾರಗಳಾದ ಮೇಲೆ, ಭಟ್ಟರು ಬರಿಗೈಯಲ್ಲಿ ಬಂದು ಕೊಳದ ಕಟ್ಟೆಯ ಬಳಿ ನಿಂತರು. ಎಳೆಯ ಮೀನೊಂದು ಮೇಲೆ ಬಂದು ಬಾಯಿ ತೆರೆಯಿತು.

“ಇದು ಎಂತದು ಸಾರ್, ಹಸಿವೆಯಾ, ಉಸಿರಾ?” ಎಂದು ಮೆಲ್ಲನೆ ಕೇಳಿದರು.

ನನಗೂ ಗೊತ್ತಾಗಲಿಲ್ಲ. ಎರಡಕ್ಕೂ ಮೀನು ಒಂದೇ ಥರ ಬಾಯಿ ಬಿಡುತ್ತದೆ; ಯಾವುದೆಂದು ತಿಳಿಯಬೇಕಾದರೆ ಕೊಡುವ ಕೈ ಕೊಂಚ ಹೊತ್ತು ಸುಮ್ಮನಿರಬೇಕು. ಭಟ್ಟರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾದರು.

ಅಷ್ಟರಲ್ಲಿ ಅಂದಿನ ಸರದಿಯವರು ಬನ್ನು ಹಿಡಿದುಕೊಂಡು ಬಂದರು.