ಹೆಗಲು ಮುಟ್ಟಿ ನೋಡಿಕೊಂಡವಳು

ಇಸ್ತ್ರಿಯಾಕೆ ನಮ್ಮ ಲಾಂಡ್ರಿಗೆ ಸೇರಿದ ದಿನದಿಂದಲೂ ನನಗೆ ಅವಳ ಮೇಲೆ ಗುಮಾನಿ. ಕಪ್ಪು ಜನಾಂಗದವಳು ಅಲ್ಲಿ ಅವಳೊಬ್ಬಳೇ. ಐವತ್ತರ ಹೆಂಗಸು, ತೀರಿಹೋದ ತಂಗಿಯ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಅವಳು ಇಸ್ತ್ರಿ ಹಾಕಿದ ಕಾಲರು ಮೂರು ದಿನ ಕಳೆದರೂ ಬಾಗುತ್ತಿರಲಿಲ್ಲ. ಆದರೆ ಸಂಜೆ ಹೊರಡುವಾಗ, ಯಾರೂ ಕೇಳದೆಯೇ, ಏಪ್ರನ್ನಿನ ಎರಡೂ ಜೇಬು ಹೊರಗೆಳೆದು ಯಜಮಾನರಿಗೆ ತೋರಿಸುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವಳು ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಾಳೆ ಅಂದುಕೊಂಡೆ. ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವವಳು ನಾನು. ಕಣ್ಣು ಸೂಜಿಯ ಮೇಲೆ, ಕಿವಿ ಊರ ಮೇಲೆ.

ಒಂದು ಮಂಗಳವಾರ ಗಿರಾಕಿಯ ಕೋಟಿನ ಕೊರಳಿನಿಂದ ಬೆಳ್ಳಿ ಗುಂಡಿ ಮಾಯ. ಯಜಮಾನರು ನೇರವಾಗಿ ಇಸ್ತ್ರಿ ಮೇಜಿಗೇ ಬಂದರು.

"ನಿನ್ನ ಕೈಗೆ ಬಂದಾಗ ಇತ್ತಾ?"

"ಇರ್ಲಿಲ್ಲ ಸಾರ್."

"ಹಂಗಾದ್ರೆ ರೆಕ್ಕೆ ಬಂದು ಹಾರಿಹೋಯ್ತಾ? ನಾಳೆಯೊಳಗೆ ಸಿಗ್ಬೇಕು. ಇಲ್ಲಾಂದ್ರೆ ನಾಡಿದ್ದಿಂದ ಬರ್ಬೇಡ."

ನಾನು ಅಂದುಕೊಂಡದ್ದೇ ಆಯಿತಲ್ಲ ಎಂದು ಒಳಗೊಳಗೇ ಸಮಾಧಾನ. ಮಧ್ಯಾಹ್ನ ಊಟಕ್ಕೆ ಕೂತಾಗ ಕೆದಕಿದೆ. "ದಿನಾ ಜೇಬು ಯಾಕಮ್ಮ ತೋರಿಸ್ತೀಯ? ಅದಕ್ಕೇ ಜನ ಅನುಮಾನ ಪಡೋದು."

"ಹದಿನಾರನೇ ವಯಸ್ಸಿಂದ ಕೆಲ್ಸ ಮಾಡ್ತಿದ್ದೀನಿ ಅಜ್ಜಿ. ಹೋದ ಕಡೆಯೆಲ್ಲ ನನ್ನ ಬಣ್ಣ ನೋಡಿ ಜೇಬಿಗೆ ಕೈ ಹಾಕಿದ್ರು. ಅವ್ರ ಕೈಗಿಂತ ನನ್ನ ಕೈಯೇ ವಾಸಿ ಅಂತ ನಾನೇ ತೋರಿಸ್ತೀನಿ. ನಿಮ್ಮ ಜೇಬು ಯಾರಾದ್ರೂ ನೋಡಿದಾರಾ?"

ಮೂವತ್ತು ವರ್ಷದಲ್ಲಿ ಒಬ್ಬರೂ ನೋಡಿರಲಿಲ್ಲ.

ಮರುದಿನ ಬಿಳಿ ದಾರಕ್ಕಾಗಿ ನನ್ನ ತಗಡಿನ ಡಬ್ಬಿ ಬಗೆದೆ. ತಳದಲ್ಲಿ, ದಾರಕ್ಕೆ ಪೋಣಿಸಿದ ಬೆಳ್ಳಿ ಗುಂಡಿ. ಒಳ್ಳೆಯ ಗುಂಡಿ ಯಂತ್ರದಲ್ಲಿ ಜಜ್ಜಿಹೋಗದಿರಲಿ ಎಂದು ಒಗೆಯುವ ಮೊದಲೇ ಬಿಚ್ಚಿಡುವುದು ನನ್ನದೇ ಪದ್ಧತಿ. ಬಿಚ್ಚಿಟ್ಟವಳೂ ನಾನು, ಮರೆತವಳೂ ನಾನು. ಒಂದು ಗಳಿಗೆ ಮುಚ್ಚಳ ಮುಚ್ಚಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಎದ್ದು, ಎಲ್ಲರ ಎದುರಿಗೇ ಯಜಮಾನರ ಕೈಗಿಟ್ಟೆ.

ಅವರು ನಕ್ಕರು. "ವಯಸ್ಸಾಯ್ತು ಅಜ್ಜಿ ನಿಮಗೆ. ಮರೆವು."

ಇಸ್ತ್ರಿಯಾಕೆ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಅವ್ರ ಡಬ್ಬೀಲಿ ಸಿಕ್ರೆ ಮರೆವು. ನನ್ನ ಜೇಬಲ್ಲಿ ಸಿಕ್ಕಿದ್ರೆ ಏನಂತಿದ್ರಿ ಸಾರ್? ಇವತ್ತಿಂದ ಎಲ್ಲರದ್ದೂ ನೋಡಿ, ಇಲ್ಲಾ ಯಾರದ್ದೂ ಬೇಡ."

ಯಜಮಾನರ ನಗು ಅಲ್ಲೇ ನಿಂತಿತು. ಸಂಜೆ ಅವರು ಬಾಗಿಲಲ್ಲೇ ಇದ್ದರು. ಅವಳು ಜೇಬು ಮುಟ್ಟದೆ ದಾಟಿಹೋದಳು. ಅವರು ತಡೆಯಲಿಲ್ಲ.

ಕೆಲಸವೇನೋ ಉಳಿಯಿತು. ಆದರೆ ಇವತ್ತಿಗೂ ನಾನು ಡಬ್ಬಿ ತೆರೆದರೆ ಸಾಕು, ಅವಳು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಅಂಗೈ ನನಗೆ ಕಾಣುವಂತೆ ನಿಲ್ಲುತ್ತಾಳೆ.