ಬಲಗೈಯ ಬ್ರೇಕ್

ನಮ್ಮ ಗೇಟಿನ ಒಳಗೆ, ಅಂಗಳದ ಕೆಂಪು ಮಣ್ಣಿನಲ್ಲಿ, ದಿನಾ ಒಂದು ಗೆರೆ ಬೀಳುತ್ತಿತ್ತು. ನನ್ನ ಗಂಡ ಚಪ್ಪಲಿ ಅಂಗಡಿ ಮುಚ್ಚಿ ಮನೆಗೆ ಬಂದವರು ಸೈಕಲಿನಿಂದ ಇಳಿಯುವ ಮೊದಲು ಬಲಗೈಯ ಬ್ರೇಕನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿಯುತ್ತಿದ್ದರು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಮಣ್ಣಿನ ಮೇಲೆ ಜಾರಿ, ಒಂದು ಮಾರು ಉದ್ದದ, ತುದಿಯಲ್ಲಿ ಸ್ವಲ್ಪ ಬಾಗಿದ ಗೆರೆ ಎಳೆಯುತ್ತಿತ್ತು. ಬೆಳಿಗ್ಗೆ ನಾನು ಗುಡಿಸಿ ಅಳಿಸುವುದು, ಸಂಜೆ ಅವರು ಪುನಃ ಎಳೆಯುವುದು. ಹನ್ನೆರಡು ವರ್ಷ ಹೀಗೆ ಗುಡಿಸಿದ ನಾನು ಆ ಗೆರೆಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಆ ಸೈಕಲ್ ಬಹರೈನಿನಿಂದ ಬಂದದ್ದು. ಅಲ್ಲಿ ಕೆಲಸದಲ್ಲಿದ್ದಾಗ, ಊರಿಗೆ ಹೊರಟಿದ್ದ ಒಬ್ಬ ಇಟಲಿಯವನಿಂದ ಇವರು ತೆಗೆದುಕೊಂಡಿದ್ದರು. ತೆಳ್ಳಗಿನ ಚಕ್ರ, ಕತ್ತಿಯಲಗಿನಂಥ ಸೀಟು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್. ಕಂಬಳಿಯಲ್ಲಿ ಸುತ್ತಿ ಹಡಗಿನಲ್ಲಿ ಕಳುಹಿಸಿದ ಪೆಟ್ಟಿಗೆಯನ್ನು ಬಿಚ್ಚಿದ ದಿನ ನನ್ನ ಮಾಮಿ, ಅಂದರೆ ಇವರ ತಾಯಿ, ಮೂಗಿನ ಮೇಲೆ ಬೆರಳಿಟ್ಟು, "ಎಲ್ಲರ ಮಕ್ಕಳು ಟೇಪ್ ರೆಕಾರ್ಡರ್ ತಂದ್ರು, ನನ್ನ ಮಗ ಟಗರು ತಂದಿದ್ದಾನೆ" ಎಂದಿದ್ದರು. ಬಂಟ್ವಾಳ ಪೇಟೆಯಲ್ಲಿ ಅದರ ಹೆಸರು ಟಗರು ಸೈಕಲ್ ಎಂದೇ ಆಯಿತು. ನಮ್ಮ ಕರಾವಳಿಯ ಮುಸ್ಲಿಮರನ್ನು ಬ್ಯಾರಿಗಳು ಎನ್ನುವುದರಿಂದ ಇವರು ಟಗರಿನ ಬ್ಯಾರಿಗಳಾದರು.

ತೊಂಬತ್ತರ ದಶಕದ ಕೊನೆಗೆ ಇವರ ಎಡಗೈಯ ಬೆರಳುಗಳಿಗೆ ಜೋಮು ಹಿಡಿಯಲು ಸುರುವಾಯಿತು. ಚಹಾದ ಗ್ಲಾಸನ್ನು ಎಡಗೈಯಲ್ಲಿ ಹಿಡಿಯುವುದನ್ನು ಬಿಟ್ಟದ್ದನ್ನು ಮೊದಲು ಗಮನಿಸಿದ್ದು ನಾನು. ಅಂಗಿಯ ತೋಳಿನ ಗುಂಡಿಯನ್ನು ನನ್ನಿಂದ ಹಾಕಿಸಿಕೊಳ್ಳುತ್ತಿದ್ದರು. ಮಂಗಳೂರಿನ ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕುತ್ತಿಗೆಯ ಎಲುಬು ಸವೆದಿದೆ, ನರ ಒತ್ತುತ್ತಿದೆ ಎಂದರು. "ಬಗ್ಗಿ ಬಿಡುವ ಸೈಕಲ್ ಇನ್ನು ಬೇಡ. ಮುಖ್ಯ, ಬೀಳಬಾರದು. ಕುತ್ತಿಗೆ ಒಮ್ಮೆ ಜೋರಾಗಿ ಕುಲುಕಿದರೆ ಕೈ ಪೂರ್ತಿ ಹೋಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು." ಆ 'ಹೆಚ್ಚೂ' ಎಂಬ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು.

ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಪಾಣೆಮಂಗಳೂರಿನ ಸೇತುವೆ ಬಂದಾಗ, "ಸೈಕಲ್ ಬಿಡು ಅಂದ್ರೆ ಬಿಡ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ" ಎಂದರು, ಅಷ್ಟೇ.

ಹಾಗಾಗಿ, ಬಿಡುವುದು ಬೇಡ, ಬದಲಾಯಿಸುವ ಎಂದು ನಾನೇ ಹೇಳಿದೆ. ನೆಟ್ಟಗೆ ಕೂತು ಬಿಡುವ ಹಾಗೆ ಹ್ಯಾಂಡಲ್, ಅಗಲದ ಸೀಟು. ಬಂಟ್ವಾಳದ ಶಾಪಿನವರು ಅಳತೆ ಕೂಡುವುದಿಲ್ಲ ಎಂದು ಕೈಬಿಟ್ಟರು. ನನ್ನ ತವರು ಮೂಡುಬಿದಿರೆಯಲ್ಲಿ. ಅಲ್ಲಿ ನಮ್ಮ ಮನೆಯ ಹತ್ತಿರವೇ ಗೇರ್ ಸೈಕಲ್ ಬಿಚ್ಚಿ ಗೊತ್ತಿದ್ದ ಒಬ್ಬರಿದ್ದರು. "ನೀನೇ ತೆಗೆದುಕೊಂಡು ಹೋಗು. ಅದರ ಹ್ಯಾಂಡಲ್ ಕೀಳುವುದನ್ನು ನಾನು ನೋಡುವುದಿಲ್ಲ" ಎಂದರು ಇವರು. ಸಿದ್ಧಕಟ್ಟೆ ದಾರಿಯ ಬಸ್ಸಿನ ಟಾಪಿನಲ್ಲಿ ಟಗರು, ಕೆಳಗೆ ಬುರ್ಖಾ ಹಾಕಿ ಮಡಿಲಲ್ಲಿ ಸ್ಟೀಲಿನ ಡಬ್ಬಿ ಇಟ್ಟುಕೊಂಡು ನಾನು.

ಮೂಡುಬಿದಿರೆಯ ಶಾಪಿನವರು ಸೈಕಲಿನ ಸುತ್ತ ಎರಡು ಸುತ್ತು ಬಂದರು. "ಅಕ್ಕ, ಬಿಚ್ಚಿದ್ರೆ ಪುನಃ ಈ ರೂಪಕ್ಕೆ ಬರುವುದಿಲ್ಲ. ಮೊದಲೇ ಹೇಳಿದ್ದೇನೆ, ಆಮೇಲೆ ಸಾಹೇಬ್ರು ನನ್ನನ್ನು ಬಯ್ಯುವುದು ಬೇಡ."

"ಬಯ್ಯುವುದಿಲ್ಲ, ಬಿಚ್ಚಿ."

ಹ್ಯಾಂಡಲಿಗೆ ಸುತ್ತಿದ್ದ ಹಳೆಯ ಪಟ್ಟಿಯನ್ನು ಅವರು ಸುರುಳಿ ಸುರುಳಿಯಾಗಿ ಬಿಚ್ಚಿದರು. ಬಲಗೈ ಹಿಡಿಯುವ ಜಾಗದಲ್ಲಿ ಪಟ್ಟಿ ಬೆವರಿನಿಂದ ಕಪ್ಪಾಗಿ, ನಾಲ್ಕು ಬೆರಳಿನ ಗುಳಿ ಬಿದ್ದಿತ್ತು. ಎಡಗೈಯ ಕಡೆ ಅಷ್ಟೊಂದು ಸವೆದಿರಲಿಲ್ಲ. ಅದನ್ನೂ ನೋಡಿದೆ. ನೋಡಿ, ಕೈಗೆ ಜೋಮಲ್ಲವೇ, ಪಾಪ ಎಂದುಕೊಂಡೆ.

ನಮ್ಮೂರಿನ ಹ್ಯಾಂಡಲ್ ಆ ಸೈಕಲಿನ ಕತ್ತಿನಲ್ಲಿ ಸಡಿಲವಾಗಿ ಕೂತಿತು. ತುಪ್ಪದ ಡಬ್ಬಿಯಿಂದ ತಗಡಿನ ಪಟ್ಟಿ ಕತ್ತರಿಸಿ, ಅದನ್ನು ಸಂದಿಗೆ ಸುತ್ತಿ ಬಿಗಿದರು. ಸ್ಪ್ರಿಂಗಿನ ಸೀಟು, ಬೆಲ್, ಕ್ಯಾರಿಯರ್. ಬ್ರೇಕಿನ ಹಳೆಯ ವೈರ್ ಹೊಸ ಹ್ಯಾಂಡಲಿಗೆ ಸಾಲದೆ ಹೊಸದು ಹಾಕಬೇಕಾಯಿತು. ಆಗ ಅವರು ತಲೆ ಎತ್ತಿ ಕೇಳಿದರು, "ಅಕ್ಕ, ಬ್ರೇಕ್ ಹೇಗೆ ಹಾಕುವ? ಇದರಲ್ಲಿ ಉಲ್ಟಾ ಇತ್ತು. ನಮ್ಮ ಕಡೆ ಬಲಗೈಯದ್ದು ಮುಂದಿನ ಚಕ್ರಕ್ಕೆ ಅಲ್ವಾ?"

ನನಗೆ ಸೈಕಲ್ ಬಿಡಲು ಬಾರದು. ಆದರೆ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು. ಉಲ್ಟಾ ಎಂಬ ಮಾತು ಕೇಳಿದರೆ ನೇರ ಮಾಡದೆ ಇರಲು ಆಗದು. ಉಲ್ಟಾ ತೊಟ್ಟ ಕಾಲುಚೀಲ, ಉಲ್ಟಾ ಇಟ್ಟ ಪುಸ್ತಕ, ಎಲ್ಲವನ್ನೂ ಸರಿ ಮಾಡಿಸುತ್ತಿದ್ದರು ನಮ್ಮ ಸಿಸ್ಟರುಗಳು. "ಎಲ್ಲ ಸೈಕಲಿನಲ್ಲಿ ಇರುವ ಹಾಗೇ ಸರಿಯಾಗಿ ಹಾಕಿ" ಎಂದೆ.

ಮರುದಿನ ಬೆಳಿಗ್ಗೆ ಇವರು ಅಂಗಳದಲ್ಲಿ ನಿಧಾನಕ್ಕೆ ಎರಡು ಸುತ್ತು ಹೊಡೆದರು. ನೆಟ್ಟಗೆ ಕೂತಿದ್ದರು, ಮದುಮಗನ ಹಾಗೆ. "ಟಗರು ಹೋಗಿ ಎಮ್ಮೆ ಆಯ್ತು" ಎಂದು ನಗಾಡಿದರು. ಕುತ್ತಿಗೆ ನೋವಿಲ್ಲ, ಬೆಳ್ತಂಗಡಿಗೆ ಹೋಗಿ ಅಕ್ಕನಿಗೆ ತೋರಿಸಿ ಬರುತ್ತೇನೆ ಎಂದರು. ನಮ್ಮ ಮನೆ ಪೇಟೆಯಿಂದ ಮೇಲೆ, ಬೆಳ್ತಂಗಡಿ ರಸ್ತೆಯ ಬದಿಯಲ್ಲೇ. ಬೆಲ್ ಬಾರಿಸಿ ಹೋದರು. ನಾನು ಖುಷಿಯಲ್ಲಿ ಅಂಗಳ ಗುಡಿಸಲು ಹಿಡಿಸೂಡಿ ಹಿಡಿದೆ.

ಗೇಟಿನ ಹತ್ತಿರ ಬಂದಾಗ ಗೆರೆ ಇರಲಿಲ್ಲ. ಅವರು ಸುತ್ತು ಹೊಡೆದು ನಿಲ್ಲಿಸಿದ ಜಾಗದಲ್ಲಿ ಒಂದು ಗುಳಿ ಇತ್ತು. ನನ್ನ ಅಂಗೈ ಉದ್ದದ್ದು, ಆಳದ್ದು, ಮುಂದಿನ ಚಕ್ರ ಮಣ್ಣನ್ನು ಕುಟ್ಟಿದ ಹಾಗೆ. ಮಣ್ಣು ಮುಂದಕ್ಕೆ ಹಾರಿತ್ತು.

ಹಿಡಿಸೂಡಿ ಹಿಡಿದೇ ನಿಂತೆ. ಮಗಳ ಸೈಕಲ್ ಪಂಕ್ಚರಾಗಿ ಜಗಲಿಯಲ್ಲಿತ್ತು. ಹೋಗಿ ಅದರ ಬಲಗೈಯ ಬ್ರೇಕ್ ಒತ್ತಿದೆ. ಮುಂದಿನ ಚಕ್ರದ ರಬ್ಬರ್ ಕಚ್ಚಿತು. ಎಡಗೈಯದು ಒತ್ತಿದೆ. ಹಿಂದಿನದು. ಪುನಃ ಬಲಗೈಯದು. ಇವರು ಹನ್ನೆರಡು ವರ್ಷ ಬಲಗೈ ಒಂದರಲ್ಲೇ ಸೈಕಲ್ ನಿಲ್ಲಿಸಿದವರು, ಎಡಗೈಯಲ್ಲಿ ಈಗ ಶಕ್ತಿಯೂ ಇಲ್ಲ. ಅಂಗಳದಲ್ಲಿ ನಿಧಾನಕ್ಕೆ ಹೋದದ್ದಕ್ಕೆ ಗುಳಿ ಮಾತ್ರ ಬಿದ್ದಿದೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಹೀಗೆ ನಿಂತರೆ ಸೈಕಲ್ ನಿಲ್ಲುತ್ತದೆ, ಕೂತವರು ನಿಲ್ಲುವುದಿಲ್ಲ. ತಲೆ ಮೊದಲು. ಕುತ್ತಿಗೆ. ಡಾಕ್ಟರರ ಆ 'ಹೆಚ್ಚೂ'.

ಬೆಳ್ತಂಗಡಿ ದಾರಿಯಲ್ಲಿ ವಗ್ಗ ಎಂಬ ಊರಿನ ಆಚೆ ಇಳಿಜಾರಿದೆ. ಅವರು ಹೋಗಿ ಕಾಲು ಗಂಟೆ ಆಗಿತ್ತು.

ಬಸ್ಸು! ನಮ್ಮ ಕಡೆ ಪ್ರೈವೇಟ್ ಬಸ್ಸಿನ ಕಂಡಕ್ಟರುಗಳು ಮೀನಿನ ಚೀಲದಿಂದ ಮದುವೆ ಕಾಗದದವರೆಗೆ ಯಾರು ಕೊಟ್ಟರೂ ದಾರಿಯಲ್ಲಿ ಮುಟ್ಟಿಸುತ್ತಾರೆ. ಮಗಳ ನೋಟ್ ಬುಕ್ಕಿನ ಹಾಳೆ ಹರಿದು ಬರೆದೆ. ಧರ್ಮಸ್ಥಳದ ಬಸ್ಸಿನ ಸದ್ದು ತಿರುವಿನಲ್ಲಿ ಕೇಳಿದಾಗ ತಲೆಗೆ ಬಟ್ಟೆ ಎಳೆದುಕೊಂಡು ಬರಿಗಾಲಲ್ಲಿ ರಸ್ತೆಯ ನಡುವಿಗೇ ಹೋದೆ.

"ಎಂತ ಅಕ್ಕ, ಸಾಯ್ಲಿಕ್ಕೆ ನಮ್ಮ ಬಸ್ಸೇ ಬೇಕಾ?" ಕಂಡಕ್ಟರ್ ಬಾಗಿಲಿನಿಂದ ನೇತಾಡಿಕೊಂಡೇ ಕೇಳಿದ.

"ಮುಂದೆ ನಮ್ಮವರು ಸೈಕಲಿನಲ್ಲಿ ಹೋಗ್ತಾ ಇದ್ದಾರೆ. ಇದನ್ನು ಕೊಡಿ. ನಿಲ್ಲಿಸಿ ಕೊಡಿ, ಬೇಗ."

"ಟಗರಿನ ಬ್ಯಾರಿಗಳಾ? ಅವರನ್ನು ಹಿಡಿಯುವುದು ನಮ್ಮ ಡ್ರೈವರಿಂದ ಆಗ್ತದಾ ನೋಡುವ." ನನ್ನ ಮುಖ ನೋಡಿದ ಮೇಲೆ ಅವನ ನಗು ನಿಂತಿತು. "ಕೊಡ್ತೇನೆ ಅಕ್ಕ, ಕೊಡ್ತೇನೆ. ರೈಟ್, ಪೋಯಿ!"

ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಹಾರ್ನ್ ಹಾಕಿತು. ನಮ್ಮ ಪ್ರೈವೇಟ್ ಬಸ್ಸಿನ ಹಾರ್ನ್ ಗೊತ್ತಲ್ಲ, ಎದೆ ಒಡೆಯುವಂಥದ್ದು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಆ ಬಸ್ಸು ಇವರ ಬೆನ್ನ ಹಿಂದೆ ಹೋಗಿ ಹೀಗೇ ಹಾರ್ನ್ ಹಾಕುತ್ತದೆ. ಕಂಡಕ್ಟರ್ ನಿಲ್ಲಿ ನಿಲ್ಲಿ ಎಂದು ಕೂಗುತ್ತಾನೆ. ಇವರು ಗಾಬರಿಯಲ್ಲಿ ಮೊದಲು ಮಾಡುವ ಕೆಲಸ ಯಾವುದು? ಬಲಗೈ ಹಿಡಿಯುವುದು. ಇಳಿಜಾರಿನಲ್ಲಿ, ಹಿಂದೆಯೇ ಬಸ್ಸು ಇರುವಾಗ. ಅವರು ಬೀಳದೆ ಇದ್ದರೂ ಬೀಳಿಸಲು ನಾನೇ ಬಸ್ಸು ಕಳುಹಿಸಿದ ಹಾಗಾಯಿತು.

ಮುಂದಿನ ಎರಡು ಗಂಟೆಯ ಬಗ್ಗೆ ಬರೆಯುವಾಗ ಈಗಲೂ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಬೆಳ್ತಂಗಡಿಗೆ ಫೋನ್ ಮಾಡಿದೆ. ಇವರ ಅಕ್ಕ, "ಬರಲಿಲ್ಲ, ಬಂದ್ರೆ ಹೇಳ್ತೇನೆ. ಎಂತ ವಿಷಯ?" ಎಂದರು. "ಏನಿಲ್ಲ, ಊಟಕ್ಕೆ ನಿಲ್ತಾರಾ ಅಂತ" ಎಂದೆ. ಮಾಮಿ ಒಳಗಿನಿಂದ, "ಯಾರ ಫೋನು?" ಎಂದು ಮೂರು ಸಲ ಕೇಳಿದರು. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು. ಕುರ್‌ಆನ್ ತೆಗೆದು ಯಾಸೀನ್ ಓದಲು ಕೂತರೆ ಪ್ರತಿ ಸಾಲಿನ ನಡುವೆ ರಸ್ತೆಯ ಸದ್ದಿಗೆ ಕಿವಿ ಹೋಗುತ್ತಿತ್ತು. ಜೀಪು ಬಂದರೆ ಸುದ್ದಿ ತಂದಿತೇ ಎಂದು ಹೆದರಿಕೆ, ನಿಲ್ಲದೆ ಹೋದರೆ ಸುದ್ದಿಯೇ ಇಲ್ಲವಲ್ಲ ಎಂದು ಹೆದರಿಕೆ. ಬ್ರೇಕ್ ಹೇಗೆ ಹಾಕುವ ಎಂದು ಶಾಪಿನವರು ಕೇಳಿದ್ದರು. ಕೇಳಿದ್ದರು!

ಕೊನೆಗೆ ಬೆಳ್ತಂಗಡಿ ಕಡೆಯಿಂದ ಬಂದ ಒಂದು ಬಸ್ಸು ನಮ್ಮ ಗೇಟಿನ ಎದುರು ನಿಂತಿತು. ಅಲ್ಲಿ ಸ್ಟಾಪ್ ಇಲ್ಲ. ಕ್ಲೀನರ್ ಏಣಿ ಹತ್ತಿ ಟಾಪಿನಿಂದ ಸೈಕಲ್ ಇಳಿಸಿದ. ಹೊಸ ಹ್ಯಾಂಡಲ್ ಪಕ್ಕಕ್ಕೆ ತಿರುಗಿ ಕೆಳಗೆ ಬಾಗಿತ್ತು, ಕುತ್ತಿಗೆ ಮುರಿದ ಕೋಳಿಯ ಹಾಗೆ. ಬೆಲ್ಲಿನ ಮುಚ್ಚಳ ಇರಲಿಲ್ಲ. ನಾನು ಗಂಡಸರು ಇಳಿಯುವ ಹಿಂದಿನ ಬಾಗಿಲನ್ನೇ ನೋಡುತ್ತಿದ್ದೆ. ಒಬ್ಬರು ಇಳಿದರು. ಇನ್ನೊಬ್ಬರು ಇಳಿದರು. ಇವರಲ್ಲ. ಬಾಗಿಲು ಖಾಲಿಯಾಯಿತು. ಸೈಕಲನ್ನು ಮಾತ್ರ ಕಳುಹಿಸಿದ್ದಾರೆ ಎಂದು ತಿಳಿದೆ. ಮನುಷ್ಯ ಆಸ್ಪತ್ರೆಯಲ್ಲಿ, ಅಥವಾ...

"ಎಲ್ಲಿ ನೋಡ್ತಾ ಇದ್ದಿ? ಇಲ್ಲಿ."

ಹೆಂಗಸರು ಇಳಿಯುವ ಮುಂದಿನ ಬಾಗಿಲಲ್ಲಿ ಇದ್ದರು. ಕಂಡಕ್ಟರ್ ಅವರನ್ನು ಕುಲುಕದ ಎದುರಿನ ಸೀಟಿನಲ್ಲಿ, ಹೆಂಗಸರ ನಡುವೆ ಕೂರಿಸಿದ್ದನಂತೆ. ಮೊಣಕಾಲಿನಲ್ಲಿ ಪ್ಯಾಂಟು ಹರಿದಿತ್ತು, ಎರಡೂ ಅಂಗೈಗೆ ಯಾರದೋ ಹೆಗಲ ಮೇಲಿನ ಬೈರಾಸನ್ನು ಹರಿದು ಸುತ್ತಿದ್ದರು. ನಾನು ಏನೂ ಕೇಳಲಿಲ್ಲ. "ಎಡಗೈ ಬೆರಳು ಆಡಿಸಿ" ಎಂದೆ.

"ಮೊದಲು ಒಳಗೆ ಹೋಗುವ."

"ಇಲ್ಲೇ ಆಡಿಸಿ."

ಬೈರಾಸಿನ ತುದಿಯಲ್ಲಿ ಕಾಣುತ್ತಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ತೋರಿಸಿದರು. ಕಿರುಬೆರಳು ನಿಧಾನ, ಆದರೆ ಅದು ಮೊದಲೇ ನಿಧಾನ. ನನಗೆ ಆಗ ಅಳು ಬಂತು.

ವಗ್ಗ ದಾಟಿ ಇಳಿಜಾರಿನಲ್ಲಿ ಒಂದು ಕರು ಅಡ್ಡ ಬಂದಿತ್ತಂತೆ. ಬಲಗೈ ಹಿಡಿದರು, ಹಿಂದಿನ ಚಕ್ರ ಎದ್ದಿತು. "ಹಳೇ ಹ್ಯಾಂಡಲ್ ಆಗಿದ್ರೆ ಬಗ್ಗಿ ಕೂತಿರ್ತಿದ್ದೆ, ತಲೆಯೇ ಮೊದಲು ಹೋಗ್ತಿತ್ತು. ನೆಟ್ಟಗೆ ಕೂತದ್ದಕ್ಕೆ ಕಾಲು ಮುಂದೆ ಹಾಕಿ ಓಡಿದೆ. ನಾಲ್ಕು ಹೆಜ್ಜೆ ಓಡಿದ ಮೇಲೆ ಬಿದ್ದದ್ದು." ರಸ್ತೆ ಬದಿಯ ಅಂಗಡಿಯವರು ನೀರು ಕೊಡುವಾಗ ನಾನು ಕಾಗದ ಕೊಟ್ಟ ಬಸ್ಸು ಬಂತಂತೆ. ಕಿಸೆಯಿಂದ ನನ್ನ ಕಾಗದ ತೆಗೆದು ಓದಿದರು: "ದಯವಿಟ್ಟು ಬಲಗೈಯ ಬ್ರೇಕನ್ನು ಒತ್ತಬಾರದಾಗಿ ವಿನಂತಿ." ಓದಿ, "ಬಿದ್ದ ಮೇಲೆ ಬಂತು. 'ದಯವಿಟ್ಟು' ಅಂತ ಬರೆಯದೆ ಇದ್ದಿದ್ರೆ ಮೊದಲೇ ಬರ್ತಿತ್ತೇನೋ" ಎಂದರು. ಮಾಮಿಯೂ ನಕ್ಕರು. ನನಗೆ ನಗಲು ಆಗಲಿಲ್ಲ.

"ನಾಳೆ ಮೂಡುಬಿದಿರೆಗೆ ಹೋಗಿ ಅವನನ್ನು ವಿಚಾರಿಸ್ತೇನೆ. ಕೇಳದೆ ಬ್ರೇಕ್ ಬದಲಾಯಿಸಿದ್ದಾನಲ್ಲ" ಎಂದರು ಇವರು.

ಸುಮ್ಮನಿದ್ದರೆ ಆ ದಿನ ಅಲ್ಲಿಗೇ ಮುಗಿಯುತ್ತಿತ್ತು. "ಕೇಳಿದ್ದಾರೆ" ಎಂದೆ. "ನಾನು ಹೇಳಿದ್ದು, ಎಲ್ಲ ಸೈಕಲಿನ ಹಾಗೆ ಹಾಕಿ ಅಂತ."

ಅವರು ಬೈರಾಸು ಸುತ್ತಿದ ಕೈಯನ್ನು ತಿರುಗಿಸಿ ನೋಡಿಕೊಂಡರು. "ನನ್ನ ಸೈಕಲಿನ ಬ್ರೇಕ್ ಹೇಗೆ ಅಂತ ನಿನಗೆ ಹೇಗೆ ಗೊತ್ತಿರ್ತದೆ? ನಾನು ಬರಬೇಕಿತ್ತು. ನೋಡ್ಲಿಕ್ಕೆ ಆಗುವುದಿಲ್ಲ ಅಂತ ತಪ್ಪಿಸಿಕೊಂಡದ್ದು ನಾನಲ್ವಾ."

ಗಾಯ ಮಾಗಿದ ಮೇಲೆ ಇಬ್ಬರೂ ಹೋದೆವು. ಶಾಪಿನವರು ತಗಡನ್ನು ಬಿಸಾಡಿ ದಪ್ಪದ ಪಟ್ಟಿ ಹಾಕಿ ಹ್ಯಾಂಡಲ್ ಬಿಗಿದರು, ವೈರ್ ಅದಲುಬದಲು ಮಾಡಿದರು. ಇವರು ಈ ಸಲ ಎದುರಿಗೇ ಸ್ಟೂಲ್ ಹಾಕಿ ಕೂತಿದ್ದರು. ನಾನು ಚಕ್ರ ಎತ್ತಿ ತಿರುಗಿಸಲು ಹೇಳಿ, ಬಲಗೈಯ ಬ್ರೇಕನ್ನು ನಾನೇ ಮೂರು ಸಲ ಒತ್ತಿ ನೋಡಿದೆ. ಹಿಂದಿನದು ನಿಂತಿತು. ಮೂರು ಸಲವೂ.

ಆಮೇಲೆ ಏಳೆಂಟು ವರ್ಷ ಆ ಸೈಕಲಿನಲ್ಲೇ ಅಂಗಡಿಗೆ ಹೋಗಿಬಂದರು. ದಿನಾ ಸಂಜೆ ಗೆರೆ ಬಿತ್ತು, ದಿನಾ ಬೆಳಿಗ್ಗೆ ಗುಡಿಸಿದೆ. ಆದರೆ ಗುಡಿಸುವ ಮೊದಲು ಕುಕ್ಕರಗಾಲಿನಲ್ಲಿ ಕೂತು ನೋಡುವುದು ಅಭ್ಯಾಸವಾಗಿ ಹೋಯಿತು: ಉದ್ದ ಉಂಟಾ, ತುದಿಯಲ್ಲಿ ಬಾಗಿದೆಯಾ, ಮಣ್ಣು ಮುಂದಕ್ಕೆ ಹಾರಿಲ್ಲವಲ್ಲ. "ಚಿನ್ನ ಬಿದ್ದಿದೆಯಾ ಅಲ್ಲಿ?" ಎಂದು ಮಾಮಿ ಜಗಲಿಯಿಂದ ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹಿಡಿಸೂಡಿ ಎತ್ತಿಕೊಳ್ಳುತ್ತಿದ್ದೆ.